ಪರದೇಶದ ಚಾಲಗೇಣಿ

ದಕ್ಷಿಣ ಕನ್ನಡ ಜಿಲ್ಲೆಯ ಹಳೆಯ ಮನೆಗಳಲ್ಲಿ ಕಾಗದಪತ್ರದ ಪೆಟ್ಟಿಗೆಯನ್ನು ತೆರೆದು ನೋಡಿದವರಿಗೆ ಎರಡು ಮಾತುಗಳ ಪರಿಚಯ ಇದ್ದೇ ಇರುತ್ತದೆ. ಒಂದು ಮೂಲಗೇಣಿ, ಇನ್ನೊಂದು ಚಾಲಗೇಣಿ. ಮೂಲಗೇಣಿಯ ಒಕ್ಕಲು ಗೊತ್ತುಮಾಡಿದ ಗೇಣಿಯನ್ನು ಕೊಡುತ್ತ ಬಂದಷ್ಟು ಕಾಲ ಅವನನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಅವನ ತರುವಾಯ ಅವನ ವಾರಸುದಾರರು ಅದೇ ಗೇಣಿಗೆ ಅದೇ ನೆಲದಲ್ಲಿ ಮುಂದುವರಿಯುತ್ತಿದ್ದರು. ಚಾಲಗೇಣಿಯವನ ಪಾಡು ಬೇರೆ. ಅವನ ವಾಸ ಧಣಿಯ ಮರ್ಜಿಯದು. ವರ್ಷ ಮುಗಿದಾಗ ಗೇಣಿಚೀಟು ಹೊಸತಾದರೆ ಉಂಟು, ಇಲ್ಲವಾದರೆ ಇಲ್ಲ. ಮುಡಿ ಅಕ್ಕಿಯ ಗೇಣಿಯನ್ನು ತಪ್ಪದೆ ಸಲ್ಲಿಸಿದವನನ್ನೂ ಒಕ್ಕಲೆಬ್ಬಿಸುವುದಕ್ಕೆ ಧಣಿಗೆ ದೊಡ್ಡ ಅಡ್ಡಿಯೇನೂ ಇರಲಿಲ್ಲ.

ಈ ಹಳೆಯ ಗೇಣಿಯ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಬಂಟ್ವಾಳದ ಪೇಟೆಯಿಂದ ಬೆಳ್ತಂಗಡಿಗೆ, ಹಾಗೆಯೇ ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಮೂಡಬಿದಿರೆಗೆ ತಾವು ಒಮ್ಮೆ ಬಸ್ಸಿನಲ್ಲಿ ಹೋಗಿಬನ್ನಿ. ಮಾರ್ಗದ ಎರಡೂ ಬದಿಯಲ್ಲಿ ಕಾಣುವ ತಾರಸಿ ಮನೆಗಳಲ್ಲಿ ಎಷ್ಟೋ ಮನೆಗಳು ಗಲ್ಫಿನ ದುಡ್ಡಿನಿಂದ ಎದ್ದವು. ಬ್ಯಾರಿಗಳಿರಲಿ, ಬಿಲ್ಲವರಿರಲಿ, ಬಂಟರಿರಲಿ, ಕ್ರೈಸ್ತರಿರಲಿ, ದುಬಾಯಿಯಲ್ಲಿಯೋ ಕುವೈತಿನಲ್ಲಿಯೋ ದಮ್ಮಾಮಿನಲ್ಲಿಯೋ ಒಬ್ಬ ಮಗನೋ ಅಳಿಯನೋ ಇಲ್ಲದ ಕುಟುಂಬವನ್ನು ಹುಡುಕಬೇಕಾದೀತು. ಅಂಥ ಮನೆಯ ಯಜಮಾನ ಅಲ್ಲಿ ಮೂವತ್ತು ವರ್ಷ ಬಾಳಿ ಬಂದಿರಬಹುದು. ಆ ಮೂವತ್ತು ವರ್ಷ ಅವನು ಯಾವ ಹಕ್ಕಿನ ಮೇಲೆ ಅಲ್ಲಿದ್ದನು, ಯಾವ ಹೊಣೆಗಳನ್ನು ಹೊತ್ತಿದ್ದನು ಎಂದು ಕೇಳಿದರೆ ಮನೆಯವರಿಗೇ ಸ್ಪಷ್ಟವಾದ ಉತ್ತರ ದೊರೆಯುವುದಿಲ್ಲ. ನನಗೆ ತೋರುವ ಮಟ್ಟಿಗೆ ಚಾಲಗೇಣಿ ಎಂಬ ನಮ್ಮ ಹಳೆಯ ಮಾತೇ ಅದಕ್ಕೆ ತಕ್ಕ ಉತ್ತರ. ಹೋಲಿಕೆ ಎಲ್ಲ ಅಂಶಗಳಲ್ಲಿಯೂ ಕೂಡಿಬಾರದೆಂದು ವಕೀಲ ಮಿತ್ರರು ಆಕ್ಷೇಪಿಸಿಯಾರು. ಆಕ್ಷೇಪಿಸಲಿ, ಎಲ್ಲಿ ಕೂಡಿಬಾರದೋ ಅಲ್ಲಿಯೂ ಕಲಿಯತಕ್ಕದ್ದು ಇದೆ.

ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಈ ಸಮುದ್ರಮಾರ್ಗ ಹೊಸದಲ್ಲ. ದಿಕ್ಕು ಮಾತ್ರ ಬದಲಾಗಿದೆ. ಸುಮಾರು ೯೦೦ ವರ್ಷಗಳ ಹಿಂದೆ, ತುಳುನಾಡನ್ನು ಆಳುಪ ಅರಸರು ಆಳುತ್ತಿದ್ದಾಗ, ದುಡಿಮೆಗಾಗಿ ಅರಬ್ಬೀ ಸಮುದ್ರವನ್ನು ದಾಟಿ ಬರುತ್ತಿದ್ದವರು ಅತ್ತಲಿನವರು. ಅವರಲ್ಲಿ ಒಬ್ಬನ ಬಾಳು ನಮಗೆ ಬಹಳ ಚೆನ್ನಾಗಿ ತಿಳಿದಿದೆ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯದ ಮಹದಿಯಾ ಎಂಬ ಊರಿನ ಯಹೂದಿ ವರ್ತಕ. ಏಡನ್ನಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದು, ಸುಮಾರು ೧೭ ವರ್ಷ ಈ ಕರಾವಳಿಯಲ್ಲಿ ನೆಲಸಿದನು. ಅವನಿಗೆ ಬಂದ ಪತ್ರಗಳೂ ಅವನ ಲೆಕ್ಕದ ಚೂರುಗಳೂ ಕೈರೋ ನಗರದ ಬೆನ್ ಎಜ್ರಾ ಎಂಬ ಯಹೂದಿ ದೇವಾಲಯದ ಕೋಣೆಯೊಂದರಲ್ಲಿ ಹಳೆಯ ಕಾಗದಗಳ ರಾಶಿಯಲ್ಲಿ ಬಿದ್ದಿದ್ದವು. ೧೮೯೬–೯೭ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಮುಂದೆ ಎಸ್. ಡಿ. ಗೋಯ್ಟೈನ್ ಅವರು ದಶಕಗಳ ಕಾಲ ಅವನ್ನು ಓದಿದರು. ಅಮಿತಾವ್ ಘೋಷರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆ ಕಥೆ ನಮ್ಮವರೆಗೂ ಬಂದಿತು.

ಬೆನ್ ಯಿಜು ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ನಡೆಸುತ್ತಿದ್ದನು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನೂ ತಾಮ್ರ, ಸೀಸಗಳನ್ನೂ ಕಳುಹಿಸಿದರೆ ಇವನು ಹೊಸ ಪಾತ್ರೆ ಮಾಡಿಸಿ ಹಿಂದಕ್ಕೆ ಕಳುಹಿಸುವನು. ಜೊತೆಗೆ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ. ಹೌದು, ಅಡಿಕೆಯೇ. ಅತ್ತಣಿಂದ ಅವನಿಗೆ ಬರುತ್ತಿದ್ದುದು ಕಾಗದ, ಸಕ್ಕರೆ, ಒಣದ್ರಾಕ್ಷಿ, ಚಾಪೆ ಮೊದಲಾದ ಮನೆಬಳಕೆಯ ವಸ್ತುಗಳು. ಗಲ್ಫಿನಿಂದ ಬರುವ ಪೆಟ್ಟಿಗೆಯನ್ನು ಬಿಚ್ಚಿ ಕಂಡ ಮಕ್ಕಳಿಗೆ ಈ ಪಟ್ಟಿ ಅಪರಿಚಿತವೆನಿಸದು. ೧೧೩೨ನೆಯ ಇಸವಿ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿಯೇ ಅವನು ಅಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದುಬಂದಿದೆ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರ ಊಹೆ.

ಪರದೇಶಿಯಾದ ಇವನಿಗೆ ಇಲ್ಲಿ ನೆಲೆ ಕೊಟ್ಟುದು ಏನು? ಆ ಪತ್ರಗಳನ್ನು ಓದಿದವರಿಗೆ ಕಾಣುವುದು ಬಹುಪಾಲು ನಂಬುಗೆ, ಸಾಲ, ಜಾಮೀನುಗಳ ಪ್ರಸ್ತಾಪ. ಏಡನ್ನಿನಲ್ಲಿ ಮದ್ಮೂನ್ ಎಂಬ ದೊಡ್ಡ ವರ್ತಕನಿದ್ದನು. ಅವನು ಅಲ್ಲಿನ ವರ್ತಕರೆಲ್ಲರ ಪ್ರತಿನಿಧಿ. ಬಂದರಿನ ಅಧಿಕಾರಿಗಳ ಮುಂದೆ ಅವರ ಪರವಾಗಿ ನಿಲ್ಲತಕ್ಕವನು. ಬೆನ್ ಯಿಜುವಿನ ವ್ಯಾಪಾರವೆಲ್ಲ ಇವನ ಬೆಂಬಲದ ಮೇಲೆ ನಡೆಯುತ್ತಿತ್ತು. ಕರಾವಳಿಯ ಪಟ್ಟಣಗಳ ಶಾಸನಗಳಲ್ಲಿ ‘ಹಂಜಮಾನ’ ಎಂಬ ಸಂಘದ ಹೆಸರು ಬರುತ್ತದೆ. ಅಂಜುಮನ್ ಎಂಬ ಪಾರಸೀ ಮಾತು ನಮ್ಮವರ ಬಾಯಲ್ಲಿ ಹಾಗಾಯಿತು. ಹೊರಗಿನಿಂದ ಬಂದ ವರ್ತಕರ ಕೂಟ ಅದು. ಒಬ್ಬ ಪರದೇಶಿಯ ನಡತೆಗೆ, ಸುಂಕಕ್ಕೆ, ಸಾಲಕ್ಕೆ ಇಂಥ ಕೂಟ ಹೊಣೆಯಾಗುತ್ತಿತ್ತು. ಅರಸನು ಕೂಟದ ಮುಖ್ಯಸ್ಥನನ್ನು ಬಲ್ಲನಲ್ಲದೆ ಒಬ್ಬೊಬ್ಬನನ್ನೂ ಬಲ್ಲನೆ? ಅಂತೂ ಪರದೇಶವಾಸ ಅಂದಿಗೂ ಇನ್ನೊಬ್ಬರ ಜಾಮೀನಿನ ಮೇಲೆಯೇ ನಿಂತಿತ್ತು. ೧೧೪೯ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿದನು. ಅಶು ಅವನೊಡನೆ ಹೋದಂತೆ ಕಾಣುವುದಿಲ್ಲ. ೧೧೫೬ರಲ್ಲಿ ಅವನ ಮಗಳ ಮದುವೆ ಈಜಿಪ್ಟಿನಲ್ಲಿ, ಅವನ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗನೊಡನೆ ನಡೆಯಿತು. ೧೭ ವರ್ಷ ಪರದೇಶದಲ್ಲಿದ್ದವನು ಮಗಳನ್ನು ತನ್ನ ಕುಲದಲ್ಲಿಯೇ ಕೊಟ್ಟನು. ಇದೂ ನಮಗೆ ಪರಿಚಿತವಾದ ರೀತಿಯೇ ಅಲ್ಲವೆ?

ಮಂಗಳೂರು ಬಂದರು, ಬಂದರಿಗೆ ಬೆನ್ನಾಗಿ ನಿಂತದ್ದು ಒಳನಾಡು. ನೇತ್ರಾವತಿಯ ದಂಡೆಯ ಬಂಟ್ವಾಳದಿಂದ ಘಟ್ಟದ ಸರಕು ದೋಣಿಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಮೂಡಬಿದಿರೆ ಜೈನ ವರ್ತಕರ ಪಟ್ಟಣ. ೧೪೩೦ರ ಸುಮಾರಿಗೆ, ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ ಎದ್ದ ಸಾವಿರ ಕಂಬದ ಬಸದಿಯ ಅಡಿಪಾಯದ ಕಲ್ಲುಗಳನ್ನು ನಿಧಾನವಾಗಿ ಸುತ್ತಿ ನೋಡಿದ್ದೀರಾ? ಅಲ್ಲಿ ಜಿರಾಫೆಯನ್ನು ಹೋಲುವ ಪ್ರಾಣಿಯೊಂದಿದೆ, ಚೀನೀಯರ ಡ್ರ್ಯಾಗನ್ನನ್ನು ಹೋಲುವ ಇನ್ನೊಂದಿದೆ. ಜಿರಾಫೆ ಆಫ್ರಿಕದ ಪ್ರಾಣಿ. ಆ ಕಲ್ಲುಕುಟಿಗನು ಅದನ್ನು ಕಣ್ಣಾರೆ ಕಂಡನೋ, ಕಂಡವರ ಮಾತು ಕೇಳಿ ಕೆತ್ತಿದನೋ, ಹೇಗಾದರೂ ಕಡಲಾಚೆಯ ಸುದ್ದಿ ಮೂಡಬಿದಿರೆಯವರೆಗೆ ಬಂದಿತ್ತೆನ್ನುವುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಬಂದವರಲ್ಲಿ ಕೆಲವರು ಬೆನ್ ಯಿಜುವಿನಂತೆ ಹಿಂದಿರುಗಿದರು. ಇನ್ನು ಕೆಲವರು ಇಲ್ಲಿಯೇ ಬೇರೂರಿದರು. ಗೋವೆಯಿಂದ ಬಂದ ಗೌಡ ಸಾರಸ್ವತರೂ ಕೊಂಕಣಿ ಮಾತನಾಡುವ ಕ್ರೈಸ್ತರೂ ಪರರ ಸೀಮೆಯಲ್ಲಿ ನೆಲೆ ಕೇಳಿ ಬಂದವರು. ಕೆಳದಿಯ ನಾಯಕರ ಕಾಲದಲ್ಲಿ ಅವರು ನೆಲ ಹಿಡಿದರು, ಪೇಟೆಯಲ್ಲಿ ಅಂಗಡಿ ತೆರೆದರು. ಬಂಟ್ವಾಳದ ವೆಂಕಟರಮಣ ದೇವಸ್ಥಾನವನ್ನು ಇಂದು ಯಾರೂ ಹೊರಗಿನವರದೆಂದು ಹೇಳುವುದಿಲ್ಲ. ಬಂದವನು ಕಾಲಕ್ರಮದಲ್ಲಿ ಊರವನಾಗುತ್ತಿದ್ದ ವ್ಯವಸ್ಥೆ ಅದು. ಆದರೆ ಅಂಥ ಮೂಲವೂ ಬುಡಸಹಿತ ಕಿತ್ತುಹೋದದ್ದುಂಟು. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಈ ಸೀಮೆಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ನೆಲ ಪರರ ಪಾಲಾಯಿತು. ಸೆರೆಯಾದವರ ಲೆಕ್ಕದಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವುಂಟು, ಘಟನೆಯಲ್ಲಿ ಇಲ್ಲ. ಬದುಕುಳಿದವರು ೧೭೯೯ರ ಬಳಿಕ ಹಿಂದಿರುಗಿ ಬಂದು ತಮ್ಮ ನೆಲವನ್ನು ಮತ್ತೆ ಕೇಳಬೇಕಾಯಿತು.

ಅದೇ ಹೊತ್ತಿಗೆ ಕೆನರಾ ಸೀಮೆಯ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಭೂಮಿಯ ಹಕ್ಕುಗಳನ್ನು ವಿಚಾರಿಸಿ ವರದಿ ಬರೆದನು. ೧೮೦೧ರಲ್ಲಿ ಫ್ರಾನ್ಸಿಸ್ ಬುಕನನ್ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳ ಮಾರ್ಗವಾಗಿಯೇ ಹಾದುಹೋದನು. ಇಬ್ಬರೂ ಮೂಲಗೇಣಿ, ಚಾಲಗೇಣಿಗಳ ಭೇದವನ್ನು ಗುರುತಿಸಿ ದಾಖಲಿಸಿದ್ದಾರೆ. ಹೊರಗಿನಿಂದ ಬಂದ ಈ ಇಬ್ಬರಿಗೂ ನಮ್ಮ ಸೀಮೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ವಿಷಯಗಳಲ್ಲಿ ಅದೊಂದು.

ಇನ್ನು ನಮ್ಮವರು ಅತ್ತ ಹೊರಟ ಕಾಲಕ್ಕೆ ಬರೋಣ. ಗಲ್ಫಿನ ಸಣ್ಣ ಸಂಸ್ಥಾನಗಳು ೧೯೪೭ರವರೆಗೆ ಭಾರತ ಸರಕಾರದ ಕೈಕೆಳಗಿನ ಬ್ರಿಟಿಷ್ ರೆಸಿಡೆಂಟನ ಉಸ್ತುವಾರಿಯಲ್ಲಿದ್ದವು. ಅಲ್ಲಿಗೆ ಹೋದ ಭಾರತೀಯನು ಬ್ರಿಟಿಷ್ ಪ್ರಜೆ. ಬಹರೈನಿನಲ್ಲಿ ೧೯೧೯ರಿಂದ, ಕುವೈತಿನಲ್ಲಿ ೧೯೨೫ರಿಂದ ಅವನ ವ್ಯಾಜ್ಯ ಬ್ರಿಟಿಷರ ಕೋರ್ಟಿಗೆ ಹೋಗುತ್ತಿತ್ತು, ಶೇಖನ ಮುಂದಕ್ಕಲ್ಲ. ಅಲ್ಲಿನ ಅಂಗಡಿಗಳಲ್ಲಿ ನಡೆಯುತ್ತಿದ್ದ ನಾಣ್ಯ ನಮ್ಮ ರೂಪಾಯಿಯೇ. ರಿಸರ್ವ್ ಬ್ಯಾಂಕು ೧೯೫೯ರಲ್ಲಿ ಗಲ್ಫಿಗೆಂದೇ ಬೇರೆ ನೋಟುಗಳನ್ನು ಅಚ್ಚು ಹಾಕಿಸಿತು. ಕುವೈತು ೧೯೬೧ರಲ್ಲಿ ತನ್ನ ದಿನಾರನ್ನು ತಂದಿತು, ೧೯೬೬ರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದವರಲ್ಲಿ ಹೆಚ್ಚಿನವರೂ ಒಬ್ಬೊಬ್ಬರಾಗಿ ಕೈಬಿಟ್ಟರು. ಅಂದಿನ ಪ್ರಯಾಣ ಮುಂಬಯಿಯಿಂದ ಹಡಗಿನಲ್ಲಿ. ಬ್ರಿಟಿಷ್ ಇಂಡಿಯಾ ಕಂಪೆನಿಯ ದ್ವಾರಕಾ, ದುಮ್ರಾ ಮುಂತಾದ ಹಡಗುಗಳ ಹೆಸರು ಹಿರಿಯರಿಗೆ ನೆನಪಿರಬಹುದು. ಅದೇ ಸಾಲಿನ ದಾರಾ ಎಂಬ ಹಡಗು ೧೯೬೧ರ ಏಪ್ರಿಲ್ ೮ರಂದು ದುಬಾಯಿಯ ಬಳಿ ಸ್ಫೋಟವಾಗಿ ೨೩೮ ಜನ ಸತ್ತರು.

ಸಂಸ್ಥಾನಗಳು ಸ್ವತಂತ್ರವಾದವು: ಕುವೈತು ೧೯೬೧ರಲ್ಲಿ, ಬಹರೈನ್, ಕತಾರ್ ಮತ್ತು ಅರಬ್ ಎಮಿರೇಟುಗಳು ೧೯೭೧ರಲ್ಲಿ. ೧೯೭೩ರ ಬಳಿಕ ಎಣ್ಣೆಯ ಬೆಲೆ ಏರಿ, ಮಾರ್ಗ ಕಟ್ಟುವುದಕ್ಕೆ, ಮನೆ ಕಟ್ಟುವುದಕ್ಕೆ, ಅಡಿಗೆ ಮಾಡುವುದಕ್ಕೆ, ಲೆಕ್ಕ ಬರೆಯುವುದಕ್ಕೆ ಅವರಿಗೆ ಕೈಗಳು ಬೇಕಾದವು. ಆಗ ನಮ್ಮ ಜಿಲ್ಲೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ದೇವರಾಜ ಅರಸರ ಸರಕಾರ ತಿದ್ದಿದ ಭೂಸುಧಾರಣೆಯ ಕಾಯಿದೆ ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಿತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲು ೭ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಟ್ರಿಬ್ಯೂನಲಿನಲ್ಲಿ ಉಳುಮೆಯನ್ನು ತೋರಿಸಿಕೊಟ್ಟರೆ ಆ ನೆಲ ಅವನದೇ. ನಮ್ಮ ಕಡೆಯಲ್ಲಿ ಜನ ಇದನ್ನು ‘ಡಿಕ್ಲರೇಷನ್’ ಎಂದರು, ಇಂದಿಗೂ ಎನ್ನುತ್ತಾರೆ. ಅರ್ಜಿಗೆ ಕೊನೆಯ ದಿನ ೧೯೭೯ರ ಜೂನ್ ೩೦. ತಲೆಮಾರುಗಳಿಂದ ಚಾಲಗೇಣಿಯಲ್ಲಿದ್ದವನು ಹೀಗೆ ತನ್ನ ಅಂಗಳಕ್ಕೆ ತಾನೇ ಒಡೆಯನಾದನು.

ಅದೇ ದಶಕದಲ್ಲಿ, ಎಷ್ಟೋ ಮನೆಗಳಲ್ಲಿ ಅದೇ ವರ್ಷಗಳಲ್ಲಿ, ಅವನ ಮಗನು ಪಾಸ್‌ಪೋರ್ಟು ಮಾಡಿಸಿ ಮುಂಬಯಿಗೆ ಹೋಗಿ ವಿಮಾನ ಹತ್ತಿದನು. ತಂದೆ ಚಾಲಗೇಣಿಯಿಂದ ಹೊರಬಂದನು; ಮಗನು ಕಡಲಾಚೆಯ ಚಾಲಗೇಣಿಯನ್ನು ಬರೆದುಕೊಟ್ಟನು. ನಮ್ಮ ಜಿಲ್ಲೆಯ ಇತ್ತೀಚಿನ ಇತಿಹಾಸದಲ್ಲಿ ಇದಕ್ಕಿಂತ ವಿಚಿತ್ರವಾದ ಕೂಡುವಿಕೆಯನ್ನು ನಾನು ಕಂಡಿಲ್ಲ.

ಆ ಚೀಟಿನ ಷರತ್ತುಗಳನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಗಲ್ಫಿನ ದೇಶಗಳಲ್ಲಿ ನಿವಾಸದ ಪತ್ರಕ್ಕೆ ‘ಇಖಾಮ’ ಎಂದು ಹೆಸರು; ತಂಗಿರುವುದು ಎಂದೇ ಆ ಮಾತಿನ ಅರ್ಥ. ಅದನ್ನು ಪಡೆಯಬೇಕಾದರೆ ಅಲ್ಲಿನ ಪ್ರಜೆಯೊಬ್ಬನೋ ಅಲ್ಲಿನ ಕಂಪೆನಿಯೋ ಹೊಣೆಯಾಗಿ ನಿಲ್ಲಬೇಕು. ಹಾಗೆ ನಿಂತವನು ‘ಕಫೀಲ್’. ನಮ್ಮ ಕೋರ್ಟುಗಳಲ್ಲಿ ಕೇಳುವ ಜಾಮೀನು ಎಂಬ ಮಾತೂ ಅರಬ್ಬೀ ಮೂಲದ್ದೇ; ಕಫೀಲನೆಂದರೆ ಜಾಮೀನುದಾರನೇ. ಇದು ಮರುಭೂಮಿಯ ಅತಿಥಿಧರ್ಮದಿಂದ ಬಂದ ಪದ್ಧತಿಯೆಂದು ಕೆಲವರು ಹೇಳುತ್ತಾರೆ. ಮುತ್ತು ತೆಗೆಯುವ ದೋಣಿಗಳ ಪರದೇಶೀ ಕೂಲಿಗಳನ್ನು ಹದ್ದಿನಲ್ಲಿಡಲು ಬ್ರಿಟಿಷ್ ಅಧಿಕಾರಿಗಳೇ ಬಹರೈನಿನಲ್ಲಿ ಇದಕ್ಕೆ ಕಟ್ಟುನಿಟ್ಟಿನ ರೂಪ ಕೊಟ್ಟರೆಂದು ಇನ್ನು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಎರಡನೆಯ ವಾದವೇ ನನಗೆ ಹೆಚ್ಚು ಸಮಂಜಸವೆಂದು ತೋರುತ್ತದೆ. ಅತಿಥಿಯ ಪಾಸ್‌ಪೋರ್ಟನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಸೌದಿ ಅರೇಬಿಯದ ನಿವಾಸದ ನಿಯಮಗಳು ೧೯೫೨ರವು, ಕುವೈತಿನ ಕಾಯಿದೆ ೧೯೫೯ರದು, ಎಮಿರೇಟುಗಳದು ೧೯೭೩ರದು.

ಈ ಕಾಯಿದೆಗಳ ಕೆಳಗೆ ವಲಸೆ ಹೋದವನ ಹೊಣೆಗಳು ಹೀಗಿದ್ದವು. ಯಾರ ಹೆಸರಿನಲ್ಲಿ ಬಂದನೋ ಅವರಲ್ಲಿ ಮಾತ್ರ ದುಡಿಯಬೇಕು. ನಿವಾಸಪತ್ರವನ್ನು ಸದಾ ಮೈಮೇಲೆ ಇಟ್ಟುಕೊಳ್ಳಬೇಕು, ಅವಧಿ ತೀರುವ ಮುನ್ನ ನವೀಕರಿಸಬೇಕು. ವೈದ್ಯಪರೀಕ್ಷೆಯಲ್ಲಿ ಕ್ಷಯದಂಥ ರೋಗ ಕಂಡರೆ ಹಿಂದಿರುಗಬೇಕು. ಕೆಲಸ ಹೋದರೆ ವಾಸವೂ ಹೋಯಿತು. ಎಮಿರೇಟುಗಳಲ್ಲಿ ಬಹಳ ಕಾಲ ೩೦ ದಿನಗಳ ಗಡುವು ಇತ್ತು. ಧಣಿಯನ್ನು ಬಿಟ್ಟು ಬೇರೆಡೆ ಕೆಲಸಕ್ಕೆ ನಿಂತರೆ ‘ಓಡಿಹೋದವನು’ ಎಂದು ದೂರು ದಾಖಲಾಗುವುದು. ಆಮೇಲೆ ಸೆರೆ, ಗಡೀಪಾರು. ಸೌದಿಯಲ್ಲಿ, ಕತಾರಿನಲ್ಲಿ ದೇಶ ಬಿಟ್ಟು ಹೊರಡುವುದಕ್ಕೂ ಕಫೀಲನ ಒಪ್ಪಿಗೆ ಬೇಕಾಗಿತ್ತು. ಚಾಲಗೇಣಿಯ ಒಕ್ಕಲಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಾದರೂ ಇತ್ತು. ಇಲ್ಲಿ ಅದೂ ಇಲ್ಲ. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದಾಗ ಕಫೀಲನ ಸಹಿಗಾಗಿ ಕಾದು ಕುಳಿತು, ಬೊಜ್ಜಕ್ಕೂ ಮುಟ್ಟಲಾರದೆ ಹೋದವರ ಕಥೆಗಳು ನಮ್ಮ ಊರುಗಳಲ್ಲಿ ಒಂದೆರಡಲ್ಲ.

ಹಕ್ಕುಗಳೇ ಇರಲಿಲ್ಲವೆಂದಲ್ಲ. ಒಪ್ಪಂದದ ಸಂಬಳ, ವಾರದ ರಜೆ, ಕಾರ್ಮಿಕ ನ್ಯಾಯಾಲಯಕ್ಕೆ ದೂರು ಕೊಡುವ ಹಕ್ಕು ಕಾಯಿದೆಯಲ್ಲಿದ್ದವು. ಹೊರಡುವಾಗ ಸೇವಾವಧಿಯ ಗ್ರಾಚ್ಯುಟಿ ಸಿಗುತ್ತದೆ: ಎಮಿರೇಟುಗಳಲ್ಲಿ ಮೊದಲ ೫ ವರ್ಷಗಳಿಗೆ ವರ್ಷವೊಂದಕ್ಕೆ ೨೧ ದಿನಗಳ ಸಂಬಳ, ಆಮೇಲಿನ ವರ್ಷಗಳಿಗೆ ೩೦ ದಿನಗಳದು, ಸೌದಿಯಲ್ಲಿ ಮೊದಲ ೫ ವರ್ಷಗಳಿಗೆ ತಲಾ ಅರ್ಧ ತಿಂಗಳದು, ಆಮೇಲೆ ಒಂದು ತಿಂಗಳದು. ನೌಕರನ ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳಬಾರದೆಂಬ ನಿಯಮವೂ ಇದೆ. ಅದು ಎಷ್ಟರ ಮಟ್ಟಿಗೆ ಪಾಲನೆಯಾಯಿತೆಂಬುದು ಬೇರೆ ಮಾತು. ಆದರೆ ಒಂದು ಹಕ್ಕು ಮಾತ್ರ ಎಷ್ಟು ವರ್ಷ ದುಡಿದರೂ ಹುಟ್ಟಲಿಲ್ಲ. ಅದು ಉಳಿಯುವ ಹಕ್ಕು. ಚಾಲಗೇಣಿ ಎಷ್ಟು ಹಳೆಯದಾದರೂ ಮೂಲಗೇಣಿಯಾಗದು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಶಾಲೆಗೆ ಹೋದ ಮಗುವೂ ತಂದೆಯ ಇಖಾಮದ ಒಂದು ಬಾಲವೇ. ಗಂಡುಮಗು ೧೮ ದಾಟಿದರೆ ತನ್ನ ದಾರಿ ತಾನು ನೋಡಿಕೊಳ್ಳಬೇಕಿತ್ತು. ಎಮಿರೇಟುಗಳು ೨೦೨೨ರಲ್ಲಿ ಇದನ್ನು ೨೫ಕ್ಕೆ ಏರಿಸಿದವು.

ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ. ನಮ್ಮ ದೇಶವೂ ಪರದೇಶಿಗೆ ಕೊಡುವುದು ಚಾಲಗೇಣಿಯನ್ನೇ. ೧೮೩೪ರಿಂದ ಮಂಗಳೂರಿನಲ್ಲಿ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳನ್ನು ನಡೆಸಿದ ಬಾಸೆಲ್ ಮಿಷನ್ನಿನ ಜರ್ಮನರು ೧೯೧೪ರ ಯುದ್ಧ ಬಂದೊಡನೆ ಶತ್ರುದೇಶದವರಾಗಿ ಸೆರೆಯ ಶಿಬಿರ ಸೇರಿದರು, ತರುವಾಯ ತಮ್ಮ ದೇಶಕ್ಕೆ ಹೊರಟುಹೋದರು. ೮೦ ವರ್ಷಗಳ ಒಡನಾಟ ಲೆಕ್ಕಕ್ಕೆ ಬರಲಿಲ್ಲ. ೧೯೩೭ರಿಂದ ಭಾರತದಲ್ಲಿದ್ದ ಬೆಲ್ಜಿಯಮ್ಮಿನ ಮಿಷನರಿಯೊಬ್ಬರು ತಮ್ಮನ್ನು ಕಳುಹಿಸಬಾರದೆಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ, ನೆಲಸುವ ಹಕ್ಕು ಪ್ರಜೆಗಳಿಗೆ ಮಾತ್ರವೆಂದು ೧೯೯೧ರಲ್ಲಿ ತೀರ್ಪಾಯಿತು. ಸಂವಿಧಾನದ ೧೯ನೆಯ ಅನುಚ್ಛೇದ ಭಾರತದ ಯಾವ ಭಾಗದಲ್ಲಿಯಾದರೂ ವಾಸಿಸಿ ನೆಲಸುವ ಹಕ್ಕನ್ನು ಕೊಡುವುದು ಪ್ರಜೆಗೆ. ಆ ಹಕ್ಕಿನ ಬೆಲೆಯನ್ನು ಅರಿಯಬೇಕಾದರೆ ಬೆಳ್ತಂಗಡಿ ತಾಲೂಕಿನ ಘಟ್ಟದಂಚಿಗೆ ಹೋಗಬೇಕು. ಕೇರಳದಿಂದ ಬಂದ ಕೃಷಿಕರು ಅಲ್ಲಿ ನೆಲ ಕೊಂಡು ರಬ್ಬರು ಬೆಳೆಸಿ ನೆಲಸಿದರು. ಅವರ ಸಂಖ್ಯೆ ಬೆಳೆದು ೧೯೯೯ರಲ್ಲಿ ಬೆಳ್ತಂಗಡಿಯೇ ಕೇಂದ್ರವಾಗಿ ಸೀರೋ ಮಲಬಾರ್ ಧರ್ಮಪ್ರಾಂತ್ಯವೊಂದು ಸ್ಥಾಪನೆಯಾಯಿತು. ಯಾವ ಕಫೀಲನ ಸಹಿಯೂ ಅವರಿಗೆ ಬೇಕಾಗಲಿಲ್ಲ. ಅವರ ನೆರೆಮನೆಯ ತುಳುವ ಹುಡುಗ ಮಾತ್ರ ರಿಯಾದಿನಲ್ಲಿ ಎರಡು ವರ್ಷಕ್ಕೊಮ್ಮೆ ಚೀಟು ಹೊಸತು ಮಾಡಿಸುತ್ತಿದ್ದನು.

ಒಕ್ಕಲೆಬ್ಬಿಸುವಿಕೆಯ ದೊಡ್ಡ ಸಂದರ್ಭಗಳು ಮೂರು ಬಂದವು. ಮೊದಲನೆಯದು ೧೯೯೦ರ ಆಗಸ್ಟ್ ೨, ಇರಾಕ್ ಕುವೈತನ್ನು ಆಕ್ರಮಿಸಿದ ದಿನ. ಬೆಳಗಾಗುವಷ್ಟರಲ್ಲಿ ಕಫೀಲನೂ ಇಲ್ಲ, ಇಖಾಮ ಕೊಟ್ಟ ಸರಕಾರವೂ ಇಲ್ಲ, ಬ್ಯಾಂಕಿನಲ್ಲಿಟ್ಟ ದಿನಾರಿಗೆ ಬೆಲೆಯೂ ಇಲ್ಲ. ನಮ್ಮ ಜನ ಮರುಭೂಮಿಯ ದಾರಿಯಲ್ಲಿ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿದರು. ಅಲ್ಲಿಂದ ಏರ್ ಇಂಡಿಯಾ ೫೯ ದಿನಗಳಲ್ಲಿ ೪೮೮ ಸಾರಿ ಹಾರಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ತಾಯ್ನಾಡಿಗೆ ತಂದಿತು. ಆ ಸಾರಿ ಒಂದು ಅಪೂರ್ವ ಸಂಗತಿ ನಡೆಯಿತು. ವಿಶ್ವಸಂಸ್ಥೆ ೧೯೯೧ರಲ್ಲಿ ಪರಿಹಾರದ ಆಯೋಗವೊಂದನ್ನು ನೇಮಿಸಿ, ಇರಾಕಿನ ಎಣ್ಣೆಯ ಹಣದಿಂದ, ಬಿಟ್ಟುಬಂದವರಿಗೆ ತಲಾ ೨,೫೦೦ ಅಥವಾ ೪,೦೦೦ ಡಾಲರಿನಂತೆ ಗೊತ್ತುಮಾಡಿ ಕೊಡಿಸಿತು. ಕುವೈತಿನ ಪ್ರಜೆಯಲ್ಲದವನ ನಷ್ಟವೂ ನಷ್ಟವೇ ಎಂದು ಅಂದು ಲೋಕ ಒಪ್ಪಿತು.

ಎರಡನೆಯದು ಸದ್ದಿಲ್ಲದೆ ಬಂದಿತು. ಸೌದಿ ಸರಕಾರ ೨೦೧೧ರಲ್ಲಿ ತನ್ನ ಪ್ರಜೆಗಳಿಗೆ ಕೆಲಸ ಮೀಸಲಿಡುವ ‘ನಿತಾಕತ್’ ಯೋಜನೆಯನ್ನು ತಂದಿತು. ೨೦೧೩ರಲ್ಲಿ ಕಾಗದ ಸರಿಯಿಲ್ಲದವರಿಗೆ ಗಡುವು ಕೊಟ್ಟಿತು. ೨೦೧೭ರ ಜುಲೈಯಿಂದ ಜೊತೆಗಿರುವ ಹೆಂಡತಿಮಕ್ಕಳಿಗೆ ತಲೆಗೆ ತಿಂಗಳಿಗೆ ೧೦೦ ರಿಯಾಲ್ ಶುಲ್ಕ, ವರ್ಷವರ್ಷವೂ ಏರಿ ೨೦೨೦ಕ್ಕೆ ೪೦೦. ಹೆಂಡತಿಯೂ ಮೂವರು ಮಕ್ಕಳೂ ಉಳ್ಳವನು ತಿಂಗಳಿಗೆ ೧,೬೦೦ ರಿಯಾಲನ್ನು ಬರಿಯ ವಾಸಕ್ಕಾಗಿ ಕೊಡಬೇಕಾಯಿತು. ಧಣಿ ಗೇಣಿ ಏರಿಸಿ ಒಕ್ಕಲನ್ನು ತಾನಾಗಿ ಹೊರಡುವಂತೆ ಮಾಡುವ ಉಪಾಯ ನಮ್ಮ ಹಿರಿಯರಿಗೆ ಹೊಸದಲ್ಲ. ಕುಟುಂಬಗಳು ಊರಿಗೆ ಬಂದವು, ಮಕ್ಕಳು ನಡುವರ್ಷದಲ್ಲಿ ಇಲ್ಲಿನ ಶಾಲೆ ಸೇರಿದರು, ಯಜಮಾನ ಅಲ್ಲಿ ಒಂಟಿಯಾಗಿ ಉಳಿದನು.

ಮೂರನೆಯದು ೨೦೨೦ರ ಸಾಂಕ್ರಾಮಿಕ. ಮೇ ೧೨ರಂದು ದುಬಾಯಿಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿತು. ಬರಲು ಕಾದವರ ಕಷ್ಟ ಎಲ್ಲರಿಗೂ ತಿಳಿದಿದೆ. ರಜೆಯಲ್ಲಿ ಊರಿಗೆ ಬಂದು ಇಲ್ಲಿ ಸಿಲುಕಿದವರ ಕಷ್ಟ ಅಷ್ಟಾಗಿ ಸುದ್ದಿಯಾಗಲಿಲ್ಲ. ಸಾಮಾನ್ಯ ನಿವಾಸಪತ್ರದವನು ೬ ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಆ ಪತ್ರ ಬಿದ್ದುಹೋಗುವುದು ಎಮಿರೇಟು, ಕುವೈತುಗಳ ನಿಯಮ. ಆ ಸರಕಾರಗಳು ಕೆಲಕಾಲ ವಿನಾಯಿತಿ ಕೊಟ್ಟವು; ಆದರೂ ವಿಮಾನವಿಲ್ಲದೆ ಅಂಗಳದಲ್ಲಿ ಕುಳಿತು ಇಖಾಮದ ತಾರೀಕುಗಳನ್ನು ಎಣಿಸಿ, ಕೊನೆಗೆ ಕೆಲಸವನ್ನೂ ಕಳೆದುಕೊಂಡವರು ಈ ಮೂರೂ ಊರುಗಳಲ್ಲಿ ಇದ್ದಾರೆ.

ಅಲ್ಲಿನ ಚೀಟಿನ ಷರತ್ತುಗಳು ಈಗೀಗ ಸಡಿಲವಾಗುತ್ತಿವೆ ಎನ್ನುವುದೂ ನಿಜ. ಕತಾರು ೨೦೧೮ರಲ್ಲಿ ಬಹುಪಾಲು ನೌಕರರಿಗೆ ಹೊರಡುವ ಪರವಾನಿಗೆಯನ್ನು ತೆಗೆಯಿತು, ೨೦೨೦ರಲ್ಲಿ ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಬಿಟ್ಟಿತು. ಸೌದಿ ೨೦೨೧ರ ಮಾರ್ಚಿಯಲ್ಲಿ ಅದೇ ದಾರಿ ಹಿಡಿಯಿತು. ಮನೆಗೆಲಸದವರು ಆ ಸುಧಾರಣೆಯ ಹೊರಗೇ ಉಳಿದರು. ಕುವೈತಿನ ೧೯೫೯ರ ಕಾಯಿದೆಯ ಜಾಗದಲ್ಲಿ ೨೦೨೫ರ ಜನವರಿಯಿಂದ ಹೊಸ ಕಾಯಿದೆ ಬಂದಿದೆ. ಎಮಿರೇಟುಗಳು ೨೦೧೯ರಿಂದ ಹಣವಂತರಿಗೂ ವಿದ್ವಾಂಸರಿಗೂ ೧೦ ವರ್ಷಗಳ ‘ಗೋಲ್ಡನ್ ವೀಸಾ’ ಕೊಡುತ್ತಿವೆ. ಇದು ಗಡುವು ಉದ್ದವಾದ ಚಾಲಗೇಣಿಯೇ ಹೊರತು ಮೂಲವಲ್ಲ. ಪೌರತ್ವವಂತೂ ಆಯ್ದ ಕೆಲವರಿಗೆ ಮಾತ್ರ. ಅದನ್ನು ಪಡೆದರೂ ೧೯೫೫ರ ನಮ್ಮ ಪೌರತ್ವದ ಕಾಯಿದೆಯಂತೆ ಭಾರತದ ಪೌರತ್ವ ಕಳೆದುಹೋಗುವುದು.

ಹೀಗಾಗಿ ಅಲ್ಲಿರುವ ಮಗನ ಮೂಲವೆಲ್ಲ ಇಲ್ಲಿಯೇ ಇದೆ. ಇಲ್ಲಿನ ಹಕ್ಕುಬಾಧ್ಯತೆಗಳನ್ನಾದರೂ ಮನೆಯವರು ತಿಳಿದಿರುವುದು ಒಳ್ಳೆಯದು. ಹತ್ತನೆಯ ತರಗತಿ ಮುಗಿಸದವನು ಗಲ್ಫಿಗೆ ಕೆಲಸಕ್ಕೆ ಹೋಗಬೇಕಾದರೆ ೧೯೮೩ರ ವಲಸೆ ಕಾಯಿದೆಯಂತೆ ಸರಕಾರದ ಪರವಾನಿಗೆ ಪಡೆಯಬೇಕು. ಇದು ಕಿರುಕುಳವೆಂದು ಬಗೆದು ಪ್ರವಾಸಿ ವೀಸಾದಲ್ಲಿ ಹೊರಟವನು ಮೋಸಹೋದರೆ ದೂರು ಕೊಡಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಪರವಾನಿಗೆ ಪಡೆದು ಹೋದವನಿಗೆ ೧೦ ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆಯೂ ಉಂಟು. ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ಆದಾಯ ತೆರಿಗೆ ಬೀಳದಿರಬೇಕಾದರೆ ವರ್ಷದಲ್ಲಿ ಊರಿನಲ್ಲಿ ಕಳೆದ ದಿನಗಳು ಸಾಮಾನ್ಯವಾಗಿ ೧೮೨ಕ್ಕೆ ಮುಟ್ಟಬಾರದು.

ನೆಲದ ವಿಚಾರದಲ್ಲಿ ನಮ್ಮವರು ಅಡಿಗಡಿಗೆ ತಪ್ಪುತ್ತಾರೆ. ಪರದೇಶದಲ್ಲಿ ನೆಲಸಿರುವವನು ಮಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳಬಹುದು, ಬಂಟ್ವಾಳದಲ್ಲಿ ಮನೆ ಕೊಳ್ಳಬಹುದು. ವಿದೇಶೀ ವಿನಿಮಯದ ಕಾಯಿದೆಯಂತೆ ಅಡಿಕೆ ತೋಟವನ್ನೋ ಗದ್ದೆಯನ್ನೋ ಕೊಳ್ಳುವಂತಿಲ್ಲ. ಹೋಗುವ ಮುನ್ನ ಇದ್ದ ತೋಟವನ್ನು ಇಟ್ಟುಕೊಳ್ಳಬಹುದು, ತಂದೆಯಿಂದ ವಾರಸಿನಲ್ಲಿ ಬಂದುದನ್ನೂ ಪಡೆಯಬಹುದು. ಡಿಕ್ಲರೇಷನಿನಲ್ಲಿ ತಂದೆಗೆ ಸಿಕ್ಕಿದ ಎರಡು ಎಕರೆ ಮಗನಿಗೆ ಹೀಗೆ ಉಳಿಯುತ್ತದೆ. ಪಕ್ಕದ ಎರಡು ಎಕರೆಯನ್ನು ದಿರ್ಹಮ್ ಕಳುಹಿಸಿ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಬರುವುದಿಲ್ಲ. ಬಾವನ ಹೆಸರಿನಲ್ಲಿ ಬರೆಸಿ, ಕೊನೆಗೆ ಬಾವನೊಡನೆಯೇ ಕೋರ್ಟು ಹತ್ತಿದವರು ಎಷ್ಟು ಮಂದಿಯೆಂದು ಬೆಳ್ತಂಗಡಿಯ ವಕೀಲರನ್ನು ಕೇಳಬೇಕು. ಇನ್ನು ನೆಲಸುವುದಕ್ಕೆಂದೇ ಹಿಂದಿರುಗಿ ಬಂದ ಮೇಲೆ ಈ ತಡೆ ಇರುವುದಿಲ್ಲ.

ಮತದ ಹಕ್ಕು ಬಹಳ ಕಾಲ ಇರಲಿಲ್ಲ. ೨೦೧೦ರ ತಿದ್ದುಪಡಿಯ ತರುವಾಯ, ೨೦೧೧ರ ಫೆಬ್ರವರಿಯಿಂದ, ಬೇರೆ ದೇಶದ ಪೌರತ್ವ ಪಡೆಯದೆ ಅಲ್ಲಿರುವ ಭಾರತೀಯನು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಹೆಸರು ದಾಖಲಿಸಬಹುದು. ಅರ್ಜಿ ೬-ಎ ನಮೂನೆಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಲ್ಕಿ–ಮೂಡಬಿದಿರೆ, ಎಲ್ಲಿಯ ವಿಳಾಸವೋ ಅಲ್ಲಿ. ಅಂಚೆಯಲ್ಲಿ ಮತ ಕಳುಹಿಸುವ ಏರ್ಪಾಡು ಇಲ್ಲ. ಮತದಾನದ ದಿನ ಪಾಸ್‌ಪೋರ್ಟನ್ನು ಹಿಡಿದುಕೊಂಡು ಊರಿನ ಶಾಲೆಯ ಮತಗಟ್ಟೆಗೆ ಅವನೇ ಬರಬೇಕು. ರಜೆಗೆ ಕಫೀಲನ ಒಪ್ಪಿಗೆ ಸಿಕ್ಕಿದರೆ ಬರುತ್ತಾನೆ.